ಕೆಂಪಿ ಮೇಯ್ದ ಅಲಸಂದೆ

ಬೂಕನಕೆರೆಯ ರಂಜಿತಳಿಗೆ ಧೈರ್ಯ ಸ್ವಲ್ಪ ಜಾಸ್ತಿಯೇ. ಕೆ.ಆರ್. ಪೇಟೆಯಲ್ಲಿ ಎರಡನೇ ವರ್ಷದ ಬಿ.ಎಸ್ಸಿ. ಓದುವ ಹುಡುಗಿ, ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಗಿಡಗಳ ಮೇಲಿನ ಸಂಶೋಧನೆ ಕಲಿಯುವ ಇಂಟರ್ನ್‌ಶಿಪ್ಪಿಗೆ ಅರ್ಜಿ ಹಾಕಿದಳು. ಅದೂ ಒಂದೇ ಕಡೆಗೆ. ಶಿಫಾರಸು ಪತ್ರ ಬರೆದುಕೊಟ್ಟ ಸಸ್ಯಶಾಸ್ತ್ರದ ಮೇಷ್ಟ್ರು ಮಹದೇವಸ್ವಾಮಿ ತಲೆ ಚಚ್ಚಿಕೊಂಡರು.

“ಇನ್ನೂ ನಾಕು ಕಡೆ ಆಕವ್ವ. ಇದು ಕೈಕೊಟ್ರೆ?”

“ಕೊಡಕಿಲ್ಲ ಬುಡಿ ಸಾರ್. ನನ್ತಾವ ಅಲಸಂದೆ ಐತೆ.”

ಅಲಸಂದೆಯ ಕತೆ ಇಷ್ಟು. ಗಿಡಕ್ಕೆ ಹೇನು ಬೀಳುವುದನ್ನು ಬೇವಿನ ಕಷಾಯ ತಡೆಯುತ್ತದೆಯೇ ಎಂದು ನೋಡಲು ಅವಳು ಕೊಟ್ಟಿಗೆಯ ಹಿಂದೆ ಎರಡು ಸಾಲು ಬಿತ್ತಿದ್ದಳು. ಒಂದಕ್ಕೆ ಕಷಾಯ, ಇನ್ನೊಂದಕ್ಕೆ ಬರೀ ನೀರು. ಹೇನು ಬರುವ ಮೊದಲೇ ಮನೆಯ ಹಸು ಕೆಂಪಿ ಹಗ್ಗ ಬಿಚ್ಚಿಕೊಂಡು ಬಂತು. ನೀರಿನ ಸಾಲನ್ನು ಬುಡದವರೆಗೂ ಮೇಯ್ದು, ಕಷಾಯದ ಸಾಲನ್ನು ಮೂಸಿಯೂ ನೋಡದೆ ಮಲಗಿ ಮೆಲುಕು ಹಾಕತೊಡಗಿತು. ಬೇರೆಯವರಾಗಿದ್ದರೆ ಅತ್ತುಬಿಡುತ್ತಿದ್ದರು. ಇವಳು ಫೋಟೊ ತೆಗೆದು, ಬೇವಿನ ಕಷಾಯ ದನವನ್ನೂ ದೂರವಿಡುತ್ತದೆ ಎಂದು ಠೀವಿಯಿಂದ ಅರ್ಜಿಯಲ್ಲಿ ಬರೆದಳು.

ಸಂದರ್ಶನ ನಡೆದದ್ದು ಫೋನಿನಲ್ಲೇ, ತಾರಸಿಯ ಮೇಲೆ. ಎಲ್ಲ ಸಲೀಸಾಗಿ ಹೋಯಿತು. ಕೊನೆಯಲ್ಲಿ ಆ ಕಡೆಯ ಮೇಡಂ ಮೆತ್ತಗೆ ಕೇಳಿದರು: “ಒಂದು ಸಾಲು ತಿಂದಮೇಲೆ ಹಸುವಿನ ಹೊಟ್ಟೆ ತುಂಬಿರಲಿಲ್ಲ ಅಂತ ಹೇಗೆ ಹೇಳ್ತೀಯಮ್ಮ?”

ಇಷ್ಟು ಸಣ್ಣ ವಿಷಯ ತನಗೆ ಹೊಳೆಯಲಿಲ್ಲವಲ್ಲ ಎಂದು ರಂಜಿತಳಿಗೆ ತನ್ನ ಮೇಲೇ ಸಿಟ್ಟು ಬಂತು.

“ಗೊತ್ತಿಲ್ಲ ಮೇಡಂ. ನೋಡಿ ಹೇಳ್ತೀನಿ,” ಎಂದಳು.

ಅವತ್ತು ಸಂಜೆ ಹುಲ್ಲು, ಹಿಂಡಿ ಹಾಕುವ ಮೊದಲೇ ಹಸಿದ ಕೆಂಪಿಯನ್ನು ಹಿಡಿದು ತಂದು, ಬೆಳಗ್ಗೆಯಷ್ಟೇ ಕಷಾಯ ಹೊಡೆದಿದ್ದ ಸಾಲಿನ ಎದುರು ಬಿಟ್ಟಳು. ಕೆಂಪಿ ಒಂದು ಸಲ ಮೂಸಿತು. ಆಮೇಲೆ ಒಂದು ಎಲೆಯನ್ನೂ ಉಳಿಸಲಿಲ್ಲ.

ರಂಜಿತ ಜಗಲಿಯಲ್ಲಿ ಕೂತು ಫೋನು ತೆಗೆದಳು. ಅಜ್ಜಿ ಚಿಕ್ಕಬೋರಮ್ಮ ಹತ್ತಿರ ಬಂದಳು.

“ಯಾರ್ಗಮ್ಮಿ ಬರೀತಿದ್ದೀಯ?”

“ಮೇಡಂಗೆ. ನಾನೇಳಿದ್ದು ತಪ್ಪು ಅಂತ.”

“ಸುಮ್ಕಿರಬಾರ್ದಾ? ಕೆಂಪಿ ಏನು ಬೆಂಗ್ಳೂರ್ಗೋಗಿ ಸಾಕ್ಷಿ ಏಳ್ತದಾ?”

ರಂಜಿತಳ ಬೆರಳು ನಿಂತಿತು. ಬೇರೆ ಕಡೆಗಳಲ್ಲಿ ಅರ್ಜಿಯ ಗಡುವು ಮುಗಿದುಹೋಗಿತ್ತು. ಇದೂ ಕೈತಪ್ಪಿದರೆ ಈ ಬೇಸಿಗೆ ಇಲ್ಲೇ ಸಗಣಿ ಬಾಚುವುದು.

“ನೋಡಿ ಏಳ್ತೀನಿ ಅಂದಿದ್ದೆ ಕಣಜ್ಜಿ. ನೋಡಾಯ್ತಲ್ಲ,” ಎಂದವಳೇ ಬೋಳು ಸಾಲಿನ ಫೋಟೊ ಸಮೇತ ಕಳಿಸಿಬಿಟ್ಟಳು.

ಮರುವಾರ ಉತ್ತರ ಬಂತು. ರಂಜಿತ ಕಣ್ಣು ಒರೆಸಿಕೊಂಡು ಅಜ್ಜಿಗೆ ಕೇಳುವಂತೆ ಜೋರಾಗಿ ಓದಿದಳು: “ಮೇ ಮೊದಲ ವಾರ ಬಾ. ನಾವೂ ಇಲ್ಲಿ ಅಲಸಂದೆ ಬೆಳೆಸಿದ್ದೇವೆ. ಕೆಂಪಿಯನ್ನು ಮಾತ್ರ ಊರಲ್ಲೇ ಕಟ್ಟಿ ಬಾ.”

ಚಿಕ್ಕಬೋರಮ್ಮ ಎದ್ದುಹೋಗಿ ಕೆಂಪಿಯ ಹಗ್ಗಕ್ಕೆ ಇನ್ನೊಂದು ಗಂಟು ಬಿಗಿದು ಬಂದಳು.