ಅಜ್ಜ ಸಾಮ್ಯಕ್ಕೆ ಸೇರಿಸಿದ ತಾಯಿ

ಸ್ವಾತಂತ್ರ್ಯ ಬಂದು ನಾಲ್ಕಾರು ವರ್ಷವಾಗಿತ್ತು, ಧುಪದಾಳದ ನಮ್ಮ ಓಣಿಗೆ ಮಾತ್ರ ಇನ್ನೂ ಕರೆಂಟು ಬಂದಿರಲಿಲ್ಲ. ನಮ್ಮ ಚರ್ಚು ಎಂದರೆ ಆಗ ಹಂಚು ಹೊದಿಸಿದ ಒಂದು ಮಣ್ಣಿನ ಖೋಲಿ. ಶನಿವಾರ ಸಂಜೆ ಅವ್ವ ಮತ್ತು ಓಣಿಯ ಹೆಂಗಸರು ಸೇರಿ ಅದರ ನೆಲವನ್ನು ಸೆಗಣಿಯಿಂದ ಸಾರಿಸುತ್ತಿದ್ದರು. ಮರುದಿನ ಮುಂಜಾನೆ ಆ ಹಸಿ ವಾಸನೆಯಲ್ಲೇ ಆರಾಧನೆ. ಚಳಿಗಾಲದಲ್ಲಿ ಗಾಣದ ಕಡೆಯಿಂದ ಬೆಲ್ಲ ಕುದಿಯುವ ಘಮವೂ ಕಿಟಕಿಯಿಂದ ನುಗ್ಗುತ್ತಿತ್ತು. ನನ್ನಂಥ ಹುಡುಗಿಯರ ಭಕ್ತಿ ಅಷ್ಟಕ್ಕಷ್ಟೇ. ಉಡಿಯಲ್ಲಿ ಗಜ್ಜುಗದ ಕಾಳು ಕಟ್ಟಿಕೊಂಡು ಬಂದು, ಪ್ರಾರ್ಥನೆಗೆ ದೊಡ್ಡವರು ಕಣ್ಣು ಮುಚ್ಚಿದೊಡನೆ ನಮ್ಮ ಆಟ ಶುರುವಾಗುತ್ತಿತ್ತು.

ಪಾದ್ರಿ ಸಾಹೇಬರು ಬರುತ್ತಿದ್ದುದು ತಿಂಗಳಿಗೊಮ್ಮೆ. ಮೂಡಲಗಿ, ಹುಕ್ಕೇರಿ ಕಡೆಯ ಕ್ರೈಸ್ತ ಮನೆಗಳನ್ನೂ ಅವರೊಬ್ಬರೇ ನೋಡಿಕೊಳ್ಳಬೇಕಾಗಿತ್ತು. ಉಳಿದ ಭಾನುವಾರಗಳಲ್ಲಿ ನಮ್ಮ ಮಾರ್ತಕ್ಕ ಸತ್ಯವೇದ ಓದುತ್ತಿದ್ದಳು, ನಮ್ಮಜ್ಜ ಅರ್ಥ ಹೇಳುತ್ತಿದ್ದ. ಇದು ನಮ್ಮ ಸಭೆ ತಾನೇ ಮಾಡಿಕೊಂಡ ಪದ್ಧತಿ. ಶ್ರಾವಣದಲ್ಲಿ ಮಠದೊಳಗೆ ಪುರಾಣ ಹಚ್ಚಿದಾಗ ಒಬ್ಬರು ಓದುವುದು, ಇನ್ನೊಬ್ಬರು ಅರ್ಥ ಬಿಡಿಸುವುದು ಇರುತ್ತದಲ್ಲ, ಥೇಟ್ ಹಾಗೆ. ನಮ್ಮವರನ್ನು ಮಠದೊಳಗೆ ಬಿಡುತ್ತಿರಲಿಲ್ಲ. ಅಜ್ಜ ಹರೆಯದಲ್ಲಿ ಹೊರಗೋಡೆಗೆ ಒರಗಿ ಕುಳಿತು ವರ್ಷಗಟ್ಟಲೆ ಪುರಾಣ ಕೇಳಿದವನು. ಕ್ರೈಸ್ತನಾದ ಮೇಲೆ ಆ ಧಾಟಿಯನ್ನೇ ಇಲ್ಲಿಗೆ ತಂದ.

ಸತ್ಯವೇದದ ಭಾಷೆ ನಮ್ಮ ಕಿವಿಗೆ ಬಿಗಿ. ಅಕ್ಕ ಎರಡು ಸಾಲು ಓದಿ ನಿಲ್ಲಿಸಿದರೆ ಅಜ್ಜ ಅದನ್ನು ಓಣಿಯ ಮಾತಿಗೆ ಇಳಿಸುತ್ತಿದ್ದ. ಅವನ ಬಾಯಲ್ಲಿ ಗಲಿಲಾಯದ ಸಮುದ್ರ ನಮ್ಮೂರಿನ ಒಡ್ಡಿನ ಹಿಂದಿನ ನೀರಾಗುತ್ತಿತ್ತು. ತಪ್ಪಿಹೋದ ಮಗನ ಸಾಮ್ಯ, ಅಂದರೆ ದೃಷ್ಟಾಂತ, ಬಂತೆಂದರೆ ಹೆಂಗಸರು ಮುಂದೆ ಸರಿದು ಕೂರುತ್ತಿದ್ದರು. ಪಾಲು ತೆಗೆದುಕೊಂಡು ದೂರ ದೇಶಕ್ಕೆ ಹೋಗಿ, ಎಲ್ಲ ಹಾಳುಮಾಡಿಕೊಂಡು ಮಗ ತಿರುಗಿ ಬಂದಾಗ ತಂದೆ ಓಡಿಹೋಗಿ ತಬ್ಬಿಕೊಳ್ಳುವ ಕಥೆ ಅದು. ಅಜ್ಜನ ಅರ್ಥದಲ್ಲಿ ಆ ಮನೆಯಲ್ಲೊಬ್ಬ ತಾಯಿಯೂ ಇದ್ದಳು. ದಿನಾಲು ಎಲ್ಲರ ಊಟವಾದ ಮೇಲೆ ಆಕೆ ಒಂದು ರೊಟ್ಟಿ ಹೆಚ್ಚಿಗೆ ಬಡಿದು ಬುಟ್ಟಿಯಲ್ಲಿ ಮುಚ್ಚಿಡುತ್ತಿದ್ದಳಂತೆ. ಮಗ ಬಂದ ದಿನ ತಂದೆ ನಿಲುವಂಗಿ ತನ್ನಿ, ಉಂಗುರ ತನ್ನಿ ಎಂದು ಗದ್ದಲ ಎಬ್ಬಿಸಿದ್ದರೆ ಆಕೆ ಬಾಗಿಲಲ್ಲಿ ನಿಂತು, ಉಂಡಿಯೇನೋ ಎಂದಷ್ಟೇ ಕೇಳಿದಳಂತೆ. ಅಲ್ಲಿಗೆ ಅಜ್ಜನ ದನಿ ಸಣ್ಣದಾಗುತ್ತಿತ್ತು, ಸೆರಗುಗಳು ಕಣ್ಣಿಗೆ ಹೋಗುತ್ತಿದ್ದವು.

ಇದೆಲ್ಲ ಪುಸ್ತಕದಲ್ಲಿದೆ ಎಂದೇ ನಾವು ತಿಳಿದಿದ್ದೆವು. ಓದುವ ಅಕ್ಕನಿಗೆ ಗೊತ್ತಿತ್ತು. ಆದರೆ ಅರ್ಥ ಹೇಳುವವರು ನಾಲ್ಕು ಮಾತು ಹೆಚ್ಚಿಗೆ ಹೇಳುವುದು ವಾಡಿಕೆಯೇ ಎಂದು ಆಕೆ ಸುಮ್ಮನಿದ್ದಳು.

ಆ ವರ್ಷ ಕ್ರಿಸ್ಮಸ್ಸಿಗೆ ಮುಂಚೆ ಹೊಸ ಪಾದ್ರಿ ಬಂದರು. ಇನ್ನೂ ಎಳೆಯ ವಯಸ್ಸು, ಧಾರವಾಡದ ಕಡೆಯವರು. ಘಟಪ್ರಭಾ ಸ್ಟೇಶನ್ನಿನಲ್ಲಿ ಇಳಿದು ಬಾಡಿಗೆ ಸೈಕಲ್ಲಿನಲ್ಲಿ ಬಂದಿದ್ದರು. ದೀಕ್ಷಾಸ್ನಾನ ಪಡೆಯುವವರನ್ನು ಅವರು ಮೊದಲು ವಿಚಾರಿಸಬೇಕಿತ್ತು. ನಮ್ಮ ನೆರೆಮನೆಯ ವಿಧವೆ ಕಲ್ಲವ್ವನಿಗೆ, ನಿನಗೆ ಗೊತ್ತಿರುವ ಒಂದು ಸಾಮ್ಯ ಹೇಳವ್ವಾ ಎಂದರು. ಆಕೆ ಹುಮ್ಮಸ್ಸಿನಿಂದ ತಪ್ಪಿಹೋದ ಮಗನ ಕಥೆ ಹೇಳಿದಳು, ತಾಯಿ, ರೊಟ್ಟಿ, ಬುಟ್ಟಿ ಸಮೇತ. ಪಾದ್ರಿ ಕೊನೆಯವರೆಗೂ ಕೇಳಿ, ಅಕ್ಕನಿಗೆ ಆ ಅಧ್ಯಾಯ ಓದಲು ಹೇಳಿದರು. ಅಕ್ಕ ಓದಿದಳು. ತಾಯಿ ಎಲ್ಲೂ ಬರಲಿಲ್ಲ.

ಕಲ್ಲವ್ವನೇ ಬಾಯಿಬಿಟ್ಟಳು. "ತಾಯಿ ಇಲ್ಲದ ಅದೆಂಥಾ ಮನಿ ಇರ್ತೈತ್ರೀ, ಸಾಹೇಬರ?"

"ಇದ್ದಿರಬಹುದವ್ವಾ. ಆದರ ಬರದಿಲ್ಲ," ಎಂದರು ಪಾದ್ರಿ.

ಕಲ್ಲವ್ವನ ದೀಕ್ಷಾಸ್ನಾನಕ್ಕೆ ಅವರು ಅಡ್ಡಿ ಮಾಡಲಿಲ್ಲ. ಅಜ್ಜನನ್ನು ಮಾತ್ರ ಪಕ್ಕಕ್ಕೆ ಕರೆದು, ದೇವರ ವಾಕ್ಯಕ್ಕೆ ನಮ್ಮ ಮಾತು ಬೆರೆಸಿದರೆ ಕೇಳುವವರಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ ಎಂದು ಮೆಲ್ಲಗೆ ಹೇಳಿದರು. ಮುಂದಿನ ಭಾನುವಾರ ತಾವೇ ಬಂದು ಕೇಳುವುದಾಗಿಯೂ, ಅದೇ ಸಾಮ್ಯವನ್ನು ಬರೆದಷ್ಟೇ ಹೇಳಿದರೆ ಸರಿ, ಇಲ್ಲವಾದರೆ ಇನ್ನು ಮೇಲೆ ಬರೀ ಓದುವುದಷ್ಟೇ ಸಾಕೆಂದೂ ತಿಳಿಸಿದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನನಗೆ ಮಾತ್ರ ಅವರ ಸೈಕಲ್ಲಿನ ಗಾಳಿ ಬಿಡುವಷ್ಟು ಸಿಟ್ಟು ಬಂದಿತ್ತು.

ಅರ್ಥ ಹೇಳುವ ಆ ಜಾಗ ಬಿಟ್ಟರೆ ಅಜ್ಜನಿಗೆ ಬೇರೆ ಮರ್ಯಾದೆ ಎಲ್ಲಿತ್ತು? ವಾರವಿಡೀ ಕಂಡವರ ಹೊಲದಲ್ಲಿ ಬಾಗಿ ದುಡಿಯುವವನು ಭಾನುವಾರ ಒಂದು ತಾಸು ನೆಟ್ಟಗೆ ನಿಲ್ಲುತ್ತಿದ್ದ. ಆ ಸಂಜೆ ಆತ ಶೇಂಗಾ ಚಟ್ನಿ ಬಳಿದ ರೊಟ್ಟಿಯನ್ನು ಮುರಿಯದೆ ಹಾಗೇ ಹಿಡಿದು ಕುಳಿತಿದ್ದ. ಆಯಿ, ಅಂದರೆ ನಮ್ಮಜ್ಜಿ, ಒಲೆಯ ಮುಂದಿನಿಂದ ಏಳದೆ ಹೇಳಿದಳು: "ಪುಸ್ತಕದಾಗ ಇಲ್ಲಂದ್ರ ಬಿಡ್ರಿ. ನನ್ನ ಬುಟ್ಟ್ಯಾಗ ಐತಿ."

ಅದು ನಿಜ. ನಮ್ಮ ಕಾಕಾ ಯೋಸೇಪ ನಾಟಕದವರ ಸಂಗಡ ಹೋಗುತ್ತೇನೆಂದು ಹಟ ಹಿಡಿದಾಗ, ಹೋದರೆ ಈ ಹೊಸ್ತಿಲು ತುಳಿಯಬೇಡ ಎಂದಿದ್ದನಂತೆ ಅಜ್ಜ. ಕಾಕಾ ಹೋದವನು ತುಳಿಯಲೇ ಇಲ್ಲ. ಅವನ ಹೆಸರನ್ನು ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಆಯಿ ಹೆಸರು ಎತ್ತುತ್ತಿರಲಿಲ್ಲ, ರೊಟ್ಟಿ ಎತ್ತಿಡುತ್ತಿದ್ದಳು. ಮುಂಜಾನೆ ಆ ತಂಗಳು ರೊಟ್ಟಿಯನ್ನು ಮಜ್ಜಿಗೆಯಲ್ಲಿ ಹಾಕಿಕೊಂಡು ಉಣ್ಣುತ್ತಿದ್ದವಳು ನಾನೇ.

ಭಾನುವಾರ ಬಂತು. ಸುದ್ದಿ ಹರಡಿ ಅರಭಾವಿಯಿಂದಲೂ ನಮ್ಮವರು ಬಂದಿದ್ದರು. ಅಕ್ಕ ಓದಿದಳು, ಅಜ್ಜ ಅರ್ಥ ಹೇಳಿದ. ಒಂದು ಮಾತು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ತಂದೆ ಓಡಿಹೋದ, ತಬ್ಬಿಕೊಂಡ, ಹಬ್ಬ ಮಾಡಿದ. ಮುಗಿಯಿತು. ಪಾದ್ರಿ ಸಮಾಧಾನದಿಂದ ಹಾಡಿನ ಪುಸ್ತಕ ಕೈಗೆತ್ತಿಕೊಂಡರು. ಅಜ್ಜ ಮಾತ್ರ ಕೂರಲಿಲ್ಲ.

"ಬರದದ್ದು ಇಷ್ಟರಿ," ಎಂದ. "ಇನ್ನ ಹೇಳೂದು ನಮ್ಮ ಮನಿದು. ನನ್ನ ಮಗಾ ಯೋಸೇಪನ್ನ ನಾನ ಹೊರಗ ಹಾಕೇನಿ. ಆ ತಂದಿಹಂಗ ಓಡಿಹೋಗಿ ಕರಕೊಂಡು ಬರಲಿಲ್ಲ. ಅವರವ್ವ ಇನ್ನೂ ರೊಟ್ಟಿ ಇಡಾಕತ್ತಾಳ. ಇದನ್ನ ನನ್ನದಂತ ಹೇಳಾಕ ಬಾಯಿ ಬರಲಿಲ್ಲ, ಅದಕ್ಕ ಆಕಿನ್ನ ಪುಸ್ತಕದಾಗ ಕುಂದರಿಸಿದ್ದೆ."

ಇಷ್ಟು ವರ್ಷದ ಮೇಲೆ ಮಗನ ಹೆಸರು ಗಂಡನ ಬಾಯಿಂದ ಬಂದದ್ದು ಕೇಳಿ ಆಯಿ ಹೆಂಗಸರ ನಡುವೆ ಮೊಣಕಾಲಿಗೆ ಮುಖ ಹಚ್ಚಿ ಅತ್ತಳು. ನಾನೂ ಅತ್ತೆ, ಏಕೆಂದು ಪೂರ್ತಿ ತಿಳಿಯದೆಯೇ. ಪಾದ್ರಿ ಹಾಡಿನ ಪುಸ್ತಕವನ್ನು ಮುಚ್ಚಿಟ್ಟರು. "ಅಜ್ಜಾರ, ಮುಂದಿನ ಐತವಾರಾನೂ ನೀವ ಅರ್ಥ ಹೇಳ್ರಿ," ಎಂದರು.

ಅಜ್ಜ ಇರುವವರೆಗೂ ಅರ್ಥ ಹೇಳಿದ. ಆದರೆ ಇದು ಬರೆದದ್ದು, ಇದು ನಮ್ಮದು ಎಂದು ಬೇರೆ ಬೇರೆ ಮಾಡಿ ಹೇಳುತ್ತಿದ್ದ. ಅವನದು ಮುಗಿದ ಮೇಲೆ ಕಲ್ಲವ್ವ ಏಳುತ್ತಿದ್ದಳು, ಇನ್ನೊಬ್ಬರು ಏಳುತ್ತಿದ್ದರು, ತಮ್ಮ ತಮ್ಮ ಮನೆಯದು ಹೇಳಿಕೊಳ್ಳುತ್ತಿದ್ದರು. ಅಪ್ಪ ಸೊಲ್ಲಾಪುರದವರೆಗೂ ಹೋಗಿ ಹುಡುಕಿದರೂ ಕಾಕಾ ಸಿಗಲಿಲ್ಲ.

ಈಗ ಅಲ್ಲಿ ಸ್ಲ್ಯಾಬಿನ ಚರ್ಚಿದೆ, ಮೈಕಿದೆ, ಎಲ್ಲರ ಕೈಯಲ್ಲೂ ಸತ್ಯವೇದವಿದೆ. ಪ್ರಸಂಗ ಮಾಡುವವರು ಅಧ್ಯಾಯ, ವಚನ ತಪ್ಪದಂತೆ ಹೇಳುತ್ತಾರೆ. ನಾನು ಗಮನವಿಟ್ಟು ಕೇಳುತ್ತೇನೆ, ಇಲ್ಲದ್ದನ್ನು ಯಾರೂ ಸೇರಿಸುವುದಿಲ್ಲ. ಪ್ರಸಂಗ ಮುಗಿದ ಮೇಲೆ, ಯಾರಾದರೂ ಎದ್ದು ಇನ್ನು ಹೇಳುವುದು ನಮ್ಮ ಮನೆಯದು ಎನ್ನುತ್ತಾರೇನೋ ಎಂದು ಸ್ವಲ್ಪ ಹೊತ್ತು ಕಾಯುತ್ತೇನೆ. ಯಾರೂ ಏಳುವುದಿಲ್ಲ. ನಾನೂ ಎದ್ದಿಲ್ಲ.