ಅಂಗಿ ತೊಟ್ಟ ಹೆಣ್ಣುಮಗಳು

ಸಂಜೆ ಐದಾದರೆ ಸಾಕು, ನಮ್ಮವ್ವ ನನ್ನನ್ನು ನನ್ನ ಮನೆಯಿಂದಲೇ ಹೊರಗೆ ಕಳಿಸಲು ಶುರು ಮಾಡುತ್ತಿದ್ದಳು.

“ಹೊತ್ತಾತು, ಮನಿಗೆ ಹೋಗವಾ ತಂಗಿ. ಮಕ್ಕಳು ದಾರಿ ನೋಡ್ತಿರ್ತಾವು.”

“ಯವ್ವಾ, ಇದ ನನ್ನ ಮನಿ. ನಾ ನಿನ್ನ ಮಗಳು!”

“ನನ್ನ ಮಗಳು ಸಾಲಿಗೆ ಹೋಗ್ಯಾಳ. ಆಕಿ ಬರೂತನಕ ನಾ ಉಣ್ಣಂಗಿಲ್ಲ.”

ಸಾಲಿಗೆ ಹೋದ ಆ ಮಗಳಿಗೆ ಈಗ ಐವತ್ತೆಂಟು. ಅವ್ವನನ್ನು ನೋಡಿಕೊಳ್ಳಲೆಂದೇ ಮಾಸ್ತರಿಕೆ ಬಿಟ್ಟು ಬ್ಯಾಡಗಿಯಲ್ಲಿ ಮನೆ ಹಿಡಿದು ಕೂತವಳು ನಾನು. ಆಕೆಗೆ ಸಕ್ಕರೆ ಕಾಯಿಲೆ ಬೇರೆ. ಗುಳಿಗೆ ನುಂಗಿ ಉಣ್ಣದೆ ಹಟ ಹಿಡಿದು, ಮೈಯೆಲ್ಲ ಬೆವೆತು ಎರಡು ಸಲ ಬಿದ್ದಿದ್ದಳು. ಮೂರನೆಯ ಸಲ ಏನಾಗುತ್ತದೋ ಎಂದು ಸಂಜೆಯಾದರೆ ನನಗೆ ಜೀವ ಬಾಯಿಗೆ ಬರುತ್ತಿತ್ತು. ಆಧಾರ್ ಕಾರ್ಡ್ ತೋರಿಸಿದೆ, ಮದುವೆಯ ಫೋಟೋ ತೋರಿಸಿದೆ. “ಇವೆಲ್ಲಾ ಎಲ್ಲಿಂದ ತಂದಿ?” ಎಂದು ನನ್ನನ್ನೇ ಸಂಶಯದಿಂದ ನೋಡಿದಳು. ಹಣೆ ಹಣೆ ಬಡಿದುಕೊಂಡೆ.

ಹಾವೇರಿಯ ಡಾಕ್ಟರು ತಣ್ಣಗೆ ಹೇಳಿದರು: “ವಾದ ಮಾಡಬ್ಯಾಡ್ರಿ. ಅವರ ಕಣ್ಣಿಗೆ ಏನ್ ಕಾಣಾಕತ್ತೈತಿ, ಅದನ್ನ ನೋಡ್ರಿ.” ಹೇಳುವುದು ಸುಲಭ! ಅವರ ಮನೆಯಲ್ಲಿ ಒಂದು ವಾರ ಇಟ್ಟುಕೊಳ್ಳಲಿ, ಗೊತ್ತಾಗುತ್ತದೆ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೊಣಗಿದೆ.

ಇನ್ನು ರಾಣೆಬೆನ್ನೂರಿನ ತಮ್ಮ. ಭಾನುವಾರಕ್ಕೊಮ್ಮೆ ಬರುತ್ತಿದ್ದ. ಅವನು ಬರುತ್ತಾನೆಂದು ನಾನೂ ಲಗುಬಗೆಯಿಂದ ಕೆಲಸ ಮುಗಿಸಿ, ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು ಕೂರುತ್ತಿದ್ದೆ. ಅವ್ವ ಅಂದು ಎಲ್ಲರನ್ನೂ ಗುರುತಿಸುತ್ತಿದ್ದಳು, ನನ್ನನ್ನೂ! ಇಬ್ಬರ ನಡುವೆ ಕೂತು ಎರಡು ರೊಟ್ಟಿ ಉಣ್ಣುತ್ತಿದ್ದಳು.

“ಅವ್ವ ಆರಾಮ ಅದಾಳಲ್ಲ ಯಕ್ಕಾ. ನೀನ ಲಗೂನ ಸಿಟ್ಟಿಗೇಳ್ತಿ,” ಎನ್ನುತ್ತಿದ್ದ ಆ ಮಹಾರಾಯ. ಮೈ ಉರಿಯುತ್ತಿತ್ತು.

ಒಂದು ಸಂಜೆ ಅವ್ವ ತಾಟನ್ನು ತಳ್ಳಿದಳು. ಬಿಸಿ ಸಾರೆಲ್ಲ ನನ್ನ ಮೇಲೆ. “ಸಾಕಾತು ಯವ್ವಾ! ಹೋಗ್ತೇನಿ, ಹೋಗೇ ಬಿಡ್ತೇನಿ!” ಎಂದು ಕಿರುಚಿದೆ. ಅವ್ವನ ಮೈ ತೊಳೆಯುವಾಗ, ಹಾಸಿಗೆ ಒಗೆಯುವಾಗ ಸೀರೆ ಕೆಡಬಾರದೆಂದು ಅದರ ಮೇಲೆ ನಮ್ಮ ಯಜಮಾನರ ಹಳೆಯ ತುಂಬುತೋಳಿನ ಅಂಗಿ ತೊಟ್ಟು, ತಲೆಗೊಂದು ಟವೆಲ್ ಕಟ್ಟಿ, ರಾತ್ರಿಯವರೆಗೂ ಹಾಗೇ ಇರುತ್ತಿದ್ದೆ. ಎರಡನ್ನೂ ಕಿತ್ತೆಸೆದು ಹಿತ್ತಲಿಗೆ ಹೋದೆ. ನಲ್ಲಿಯ ಕೆಳಗೆ ಮುಖವೊಡ್ಡಿ ಚೆನ್ನಾಗಿ ಅತ್ತು ಒಳಗೆ ಬಂದೆ.

“ಈಗ ಬಂದೇನು?” ಎಂದಳು ಅವ್ವ. “ಎಷ್ಟೊತ್ತವಾ ನಿಮ್ಮ ಸಾಲಿ? ಬಾ, ಉಣ್ಣೂಣು.”

ನೆಲದ ಮೇಲೆ ಬಿದ್ದಿದ್ದ ಅಂಗಿ, ಟವೆಲ್ ನೋಡಿದೆ. ಅಪ್ಪ ಮೆಣಸಿನಕಾಯಿ ವ್ಯಾಪಾರ ಮಾಡುತ್ತಿದ್ದಾಗ ನಮ್ಮ ಅಂಗಳಕ್ಕೆ ತೊಟ್ಟು ಬಿಡಿಸಲು ಹೆಣ್ಣುಮಕ್ಕಳು ಬರುತ್ತಿದ್ದರು. ಘಾಟಿಗೆ ಸೀರೆಯ ಮೇಲೆ ಗಂಡಸರ ಅಂಗಿ, ತಲೆಗೆ ಬಟ್ಟೆ. ಕತ್ತಲಾಗುವುದರೊಳಗೆ ಮನೆ ಸೇರಲಿ ಎಂದು ಐದಕ್ಕೆಲ್ಲ ಅವ್ವನೇ ಅವರನ್ನು ಎಬ್ಬಿಸಿ ಕಳಿಸುತ್ತಿದ್ದಳು. ಅವಳ ಕಣ್ಣಿಗೆ ಕಂಡದ್ದು ಅದೇ. ನಾಲ್ಕು ತಿಂಗಳು ಕೂಗಾಡಿದೆನಲ್ಲ, ಒಂದು ಅಂಗಿ ಬಿಚ್ಚಲು ನನಗೆ ತಿಳಿಯಲಿಲ್ಲ!

ಅವ್ವ ಉಂಡಳು. ಉಣ್ಣುತ್ತಾ ಕೇಳಿದಳು: “ಆ ಹೆಣ್ಮಗಳು ಹೋದಳೇನು?”

“ಹೋದಳು.”

“ಭಾಳ ಸಿಟ್ಟಿನಾಕಿ. ಆದ್ರ ಪಾಪ, ಮುಂಜಾನಿಂದ ಒಂದ ಸಮ ದುಡೀತಾಳ. ನನಗ ನೀರ ಎರದು, ತಲಿ ಬಾಚಿದ್ಲು. ಆಕಿ ಉಂಡಾಳೋ ಇಲ್ಲೋ, ಒಬ್ಬರೂ ಕೇಳಲಿಲ್ಲ.” ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ಕೈಗಿಟ್ಟಳು. “ಇದನ್ನ ಆಕಿಗೆ ಎತ್ತಿಡು.”

ಅದನ್ನು ಅಡುಗೆಮನೆಗೆ ಒಯ್ದು, ಅವ್ವನಿಗೆ ಕಾಣದಂತೆ ಕದದ ಹಿಂದೆ ನಿಂತು ತಿಂದೆ.