ಟೈಲಿನ ಬೆನ್ನ ಮೇಲಿನ ಮೀನಿನ ಮುಳ್ಳು

ಹಳೆಯ ಟೈಲು ಬಿಡಿಯಾಗಿ ಹುಟ್ಟುವುದಿಲ್ಲ. ಇದು ನಿಮಗೆ ಮೊದಲೇ ಗೊತ್ತಿರಬೇಕಾಗಿತ್ತು. ಮನೆಯ ಹೊರಗೋಡೆಗೆ ಸುಣ್ಣದ ಗಾರೆಯಲ್ಲಿ ಕೂರಿಸಿದ ನೀಲಿ ಹಳದಿ ಟೈಲು ಇವತ್ತು ಲಿಸ್ಬನ್ನಿನ ಹಳೆ ಸಾಮಾನಿನ ಸಂತೆಯಲ್ಲಿ ಕಂಬಳಿಯ ಮೇಲೆ ಒಂಟಿಯಾಗಿ ಬಿದ್ದಿದೆ ಎಂದರೆ, ಊರಿನ ಯಾವುದೋ ಗೋಡೆಯಲ್ಲಿ ಅಷ್ಟೇ ಅಗಲದ ಒಂದು ಗಾಯ ಇದೆ. ಮಾರುವವನು "ನಮ್ಮಜ್ಜಿ ಪೆಟ್ಟಿಗೇಲಿ ಇಟ್ಟಿದ್ದು" ಅನ್ನುತ್ತಾನೆ. ಯಾವ ಅಜ್ಜಿಯೂ ಪೆಟ್ಟಿಗೆಯಲ್ಲಿ ಗೋಡೆ ಇಟ್ಟುಕೊಂಡಿರುವುದಿಲ್ಲ. ಕೆಡವಿದ ಮನೆಯದ್ದಿರಬಹುದಲ್ಲ ಎನ್ನುತ್ತೀರಾ? ಇರಬಹುದು. ಯಾವ ಮನೆ ಎಂದು ಕೇಳಿದಿರಾ?

ಗ್ರಾಸಾ ಗುಡ್ಡದ ನಮ್ಮ ಬೀದಿಯ ಹದಿನಾಲ್ಕನೇ ನಂಬರಿನ ಮನೆಯ ಕೆಳಅಂತಸ್ತಿನಲ್ಲಿ ಎರ್ಮೆಲಿಂಡಾ ಫಲ್ಕಾತು ಇದ್ದಾಳೆ. ವಯಸ್ಸು ಎಪ್ಪತ್ತನಾಲ್ಕು. ಆಸ್ಪತ್ರೆಯ ಬಟ್ಟೆಗಳಿಗೆ ಮೂವತ್ತೊಂದು ವರ್ಷ ಇಸ್ತ್ರಿ ಹಾಕಿದ ಕೈ. ಈಗಲೂ ಮೇಜಿನ ಮೇಲೆ ಯಾವ ಬಟ್ಟೆ ಕಂಡರೂ ಆ ಕೈ ತಾನಾಗಿ ಸುಕ್ಕು ಸವರುತ್ತದೆ. ಅವಳ ತಾಯಿ ತಲೆಯ ಮೇಲೆ ಬುಟ್ಟಿ ಹೊತ್ತು ಇದೇ ಬೀದಿಯಲ್ಲಿ ಮೀನು ಮಾರಿದವಳು. ತಂದೆ ಅದೆಲಿನು ಟೈಲು ಕೂರಿಸುವ ಕೆಲಸದವನು, ಅಕ್ಷರ ಬಾರದವನು. ಒಮ್ಮೆ ನೀರಿನ ಕೊಳವೆ ಒಡೆದು ಈ ಮನೆಯ ಬಾಗಿಲ ಪಕ್ಕದ ಗೋಡೆ ಉಬ್ಬಿ ಉದುರಿದಾಗ, ಅದೇ ಮಾದರಿಯ ನಲವತ್ತು ಟೈಲು ತಂದು ಕೂರಿಸಿದವನು ಅವನೇ. ಆಗ ಎರ್ಮೆಲಿಂಡಾಗೆ ಎಂಟು ವರ್ಷ. ಅಪ್ಪ ಪ್ರತಿ ಟೈಲಿನ ಬೆನ್ನಿಗೂ ಮೊಳೆಯಿಂದ ಏನೋ ಕೆರೆಯುವುದನ್ನು ಕಂಡು ಕೇಳಿದ್ದಳಂತೆ:

"ಏನಪ್ಪಾ ಅದು?"

"ಮೀನಿನ ಮುಳ್ಳು. ನಿಮ್ಮಮ್ಮನ ಗುರುತು. ನನಗೆ ಬರೆಯೋಕೆ ಬರೋದು ಇದೊಂದೇ."

"ಗೋಡೆಗೆ ಅಂಟಿಸಿದ್ಮೇಲೆ ಯಾರಿಗೆ ಕಾಣುತ್ತೆ?"

"ಕಾಣ್ಲಿ ಅಂತಲ್ಲ ಕಣೇ. ಇದು ಕಿತ್ತು ಬಿದ್ದ ದಿನ ಯಾರನ್ನ ಬೈಬೇಕು ಅಂತ ಗೊತ್ತಾಗ್ಲಿ ಅಂತ."

ಅರವತ್ತಾರು ವರ್ಷ ಒಂದೂ ಬೀಳಲಿಲ್ಲ. ಅಪ್ಪ ಬಿಟ್ಟುಹೋದದ್ದು ಈ ನಲವತ್ತು ಟೈಲು ಮಾತ್ರ. ಫೋಟೋ ಕೂಡ ಇಲ್ಲ.

ಈ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಬಾಗಿಲ ಎಡಗಡೆ, ಮೊಣಕಾಲಿನ ಎತ್ತರದಲ್ಲಿ, ಒಂದು ಟೈಲು ಇರಲಿಲ್ಲ. ಕೆಳಗೆ ಚೂರು ಬಿದ್ದಿರಲಿಲ್ಲ. ಅಂದರೆ ಬಿದ್ದದ್ದಲ್ಲ. ಮುಂದಿನ ವಾರ ಮೂರು ಹೋದವು. ಪೊಲೀಸರು ದೂರು ಬರೆದುಕೊಂಡು, ಅದರ ಪ್ರತಿಯನ್ನು ಕೈಗಿತ್ತು, ಸಮಾಧಾನದ ಮಾತು ಹೇಳಿದರು. ಎರ್ಮೆಲಿಂಡಾ ಕಿಟಕಿಗೆ ಕುರ್ಚಿ ಎಳೆದುಕೊಂಡಳು.

ಅಲ್ಲಿಂದ ನಮ್ಮ ಬೀದಿಯಲ್ಲಿ ಯಾರೂ ನಿರಪರಾಧಿಯಾಗಿ ನಡೆದಾಡಲಿಲ್ಲ. ಪಕ್ಕದ ಮನೆಗೆ ಬಣ್ಣ ಬಳಿಯುವವರ ಬಕೆಟ್ಟಿಗೆ ಇಣುಕಿದಳು. ಪಾರ್ಸೆಲ್ ತರುವವನ ಚೀಲ ಬರುವಾಗಿನದಕ್ಕಿಂತ ಹೋಗುವಾಗ ಭಾರ ಅಂದಳು. ನನ್ನ ಕೊಡೆ ಮಳೆಯಿಲ್ಲದ ದಿನ ಯಾಕೆ ಎಂದು ಕೇಳಿದಳು. ಶನಿವಾರ ಸಂತೆಗೆ ಹೋಗಿ ಕಂಡ ಟೈಲನ್ನೆಲ್ಲ ಮಗುಚಿ ಬೆನ್ನು ನೋಡಿದಳು. "ಅಜ್ಜೀ, ಚಿತ್ರ ಇರೋದು ಈ ಕಡೆ" ಎಂದು ಅಂಗಡಿಯವರು ನಕ್ಕರು. "ಕಳ್ಳತನ ಇರೋದು ಆ ಕಡೆ" ಎಂದಳು. ನಾಲ್ಕನೇ ಶನಿವಾರದ ಹೊತ್ತಿಗೆ ಅವಳು ಬರುವುದು ಕಂಡರೆ ಕಂಬಳಿ ಮುಚ್ಚತೊಡಗಿದರು.

ಮೇ ತಿಂಗಳಲ್ಲಿ ಅವಳ ಅನುಮಾನ ಎದುರು ಮನೆಗೆ ಬಂತು. ಎದುರು ಮನೆಯ ಬಾಲ್ತಜಾರ್ ಕ್ವರೇಜ್ಮಾ ಗಾರೆ ಕೆಲಸದವನು, ಹರೆಯದಲ್ಲಿ ಪ್ಯಾರಿಸ್ಸಿನಲ್ಲಿ ಹನ್ನೊಂದು ವರ್ಷ ಕಟ್ಟಡ ಕಟ್ಟಿ ಬಂದವನು, ಈಗ ನಿವೃತ್ತ. ಎರ್ಮೆಲಿಂಡಾಳ ಮಗಳ ಜ್ಞಾನಸ್ನಾನದ ದಿನ ಮಗುವನ್ನು ಎತ್ತಿ ನಿಂತವನು. ಆ ಸಂಬಂಧದಿಂದ ಅವನು ಅವಳಿಗೆ ಕೊಂಪಾದ್ರೆ, ಅವಳು ಅವನಿಗೆ ಕೊಮಾದ್ರೆ. ನಲವತ್ತು ವರ್ಷದಿಂದ ಬೇರೆ ಹೆಸರಿನಲ್ಲಿ ಕರೆದುಕೊಂಡವರಲ್ಲ. ದಿನಾ ಬೆಳಿಗ್ಗೆ ಅವಳ ಬಾಗಿಲಿಗೆ ಬ್ರೆಡ್ಡಿನ ಚೀಲ ನೇತುಹಾಕಿ ಹೋಗುವವನು ಅವನೇ. ಅದೇ ಬಾಲ್ತಜಾರನ ಅಂಗಿಯ ತೋಳಿನಲ್ಲಿ ಅವಳಿಗೆ ಬಿಳಿ ಧೂಳು ಕಂಡಿತು.

ಮೂಲೆಯ ಕಾಫಿ ಅಂಗಡಿಯಲ್ಲಿ, ಹತ್ತು ಜನರ ಮುಂದೆ, ಅವಳು ಅವನೆದುರು ನಿಂತಳು.

"ಸೆನ್ಯೋರ್ ಬಾಲ್ತಜಾರ್, ತೋಳು ತೋರಿಸಿ."

ಅವಳ ಬಾಯಿಂದ ಅವನಿಗೆ ಸೆನ್ಯೋರ್ ಎಂಬ, ಹೊರಗಿನವರಿಗಾಡುವ ಮಾತನ್ನು ನಾವ್ಯಾರೂ ಕೇಳಿರಲಿಲ್ಲ.

"ಯಾಕೆ ಕೊಮಾದ್ರೆ, ಕೋಟು ಹೊಲಿಸ್ತೀಯಾ?"

"ಸುಣ್ಣ. ಕೆಲಸ ಬಿಟ್ಟು ಒಂಬತ್ತು ವರ್ಷ ಆಯ್ತು ನಿಮಗೆ. ತೋಳಿಗೆ ಸುಣ್ಣ ಎಲ್ಲಿಂದ ಬಂತು?"

"ಹೇಳಿದ್ರೆ ನಂಬ್ತೀಯಾ?"

"ಮೊದಲು ಹೇಳಿ, ಸೆನ್ಯೋರ್."

ಬಾಲ್ತಜಾರ್ ಅರ್ಧ ಕುಡಿದ ಕಾಫಿ ಕೆಳಗಿಟ್ಟ. "ಸೆನ್ಯೋರ್ ಅಂದ್ಮೇಲೆ ಹೇಳೋಕೆ ಏನುಳೀತು" ಎಂದು ಎದ್ದು ಹೋದ. ಮರುದಿನದಿಂದ ಬಾಗಿಲಲ್ಲಿ ಬ್ರೆಡ್ಡಿನ ಚೀಲ ಇಲ್ಲ. ಅಂಗಡಿಯಲ್ಲಿದ್ದ ಹತ್ತು ಜನರಲ್ಲಿ ನಾನೂ ಒಬ್ಬ. ಯಾರೂ ಅವನ ಪರವಾಗಿ ಬಾಯಿ ಬಿಡಲಿಲ್ಲ. ನಿಜ ಹೇಳಬೇಕೆಂದರೆ, ಉಳಿ ಇರುವವನು, ಕೆಲಸ ಗೊತ್ತಿರುವವನು, ಎದುರು ಮನೆಯವನು ಎಂದು ನಾನೂ ಮನಸ್ಸಿನಲ್ಲೇ ಲೆಕ್ಕ ಕೂಡಿಸಿದ್ದೆ.

ಜೂನ್ ಹೊತ್ತಿಗೆ ಹದಿನೇಳು ಟೈಲು ಹೋಗಿದ್ದವು. ಆಗ ಹದಿನಾಲ್ಕನೇ ನಂಬರಿನ ಮನೆಯ ಮೂರನೇ ಮಹಡಿಗೆ ಬೆಲ್ಜಿಯಮ್ಮಿನಿಂದ ಒಂದು ಜೋಡಿ ಬಂದಿಳಿಯಿತು. ಆ ಮಹಡಿ ಈಗ ವಾರದ ಬಾಡಿಗೆಯದು. ಹೆಂಗಸು ಸೊಲಾಂಜ್, ಗಂಡಸು ತಿಬೋ. ಕೆಟ್ಟ ಜನ ಎಂದು ನಾನು ಹೇಳಲಾರೆ. ಹಳೆಯ ಊರಿಗೆ ಹೋದಾಗ ಏನೇನು ತಪ್ಪು ಮಾಡಬಾರದೆಂದು ಪಟ್ಟಿ ಓದಿಕೊಂಡು ಬಂದ ಜನ. ಕಲ್ಲುಹಾಸಿನ ಮೇಲೆ ಪೆಟ್ಟಿಗೆಯ ಚಕ್ರ ಗಡಗಡಿಸಲಿಲ್ಲ, ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲು ಹತ್ತಿದರು. ಇಗರ್ಜಿಗೆ ಭುಜ ಮುಚ್ಚಿಕೊಂಡು ಹೋದರು. ಟ್ರಾಮಿನಲ್ಲಿ ಚೀಲವನ್ನು ಮಗುವಿನ ಹಾಗೆ ಎದೆಗೆ ಅಪ್ಪಿಕೊಂಡರು. ತಿಂಡಿಯ ಫೋಟೋ ತೂಗುಹಾಕಿದ ಹೋಟೆಲಿಗೆ ಕಾಲಿಡಲಿಲ್ಲ.

ಆ ಪಟ್ಟಿಯಲ್ಲಿ ಇನ್ನೂ ಒಂದು ಮಾತಿತ್ತು: ನಗುತ್ತಾ ಹತ್ತಿರ ಬರುವವರನ್ನು ನಂಬಬೇಡಿ, ಕೇಳದೆ ಮುಂದಿಟ್ಟ ತಿಂಡಿ ಮುಟ್ಟಬೇಡಿ, ಆಮೇಲೆ ಬಿಲ್ಲಿಗೆ ಸೇರಿಸುತ್ತಾರೆ. ಸಂತ ಅಂತೋನಿಯ ಹಬ್ಬದ ದಿನ ಬೀದಿಯಲ್ಲೇ ಕೆಂಡ ಹಾಕಿ ಮೀನು ಸುಟ್ಟಾಗ, ಎರ್ಮೆಲಿಂಡಾ ಬ್ರೆಡ್ಡಿನ ಮೇಲೆ ಎರಡು ಸಾರ್ಡೀನ್ ಇಟ್ಟು ಮೆಟ್ಟಿಲ ಬಳಿ ಅವರ ಮುಂದೆ ಹಿಡಿದಳು. ಸೊಲಾಂಜ್ ಒಂದು ಹೆಜ್ಜೆ ಹಿಂದೆ ಸರಿದು, ಬೇಡ ಬೇಡ ಎಂದು ಕೈಯಾಡಿಸಿ, ಚೀಲದ ಜಿಪ್ಪು ಮುಟ್ಟಿ ನೋಡಿಕೊಂಡಳು.

"ನನ್ನನ್ನೇ ಕಳ್ಳಿ ಅಂದ್ಕೊಂಡ್ಳಲ್ಲ!" ಎಂದು ಎರ್ಮೆಲಿಂಡಾ ಬೀದಿಗೆಲ್ಲ ಕೇಳುವಂತೆ ಅಂದಳು. "ನಮ್ಮ ಮೀನು ತಿಂದು ನನಗೇನು ಸಾಲಗಾರಳಾಗ್ತಿದ್ಳಾ?"

ಎದುರು ಬಾಗಿಲಲ್ಲಿ ಕೂತಿದ್ದ ಬಾಲ್ತಜಾರ್, ಯಾರಿಗೂ ಅಲ್ಲ ಎಂಬಂತೆ, "ಅನುಮಾನ ಬಂದ್ರೆ ಹಂಗೇ. ನೆರೆಯವರೂ ಬಿಡಲ್ಲ, ದೂರದವರೂ ಬಿಡಲ್ಲ" ಅಂದ. ಅವಳು ಮುಖ ತಿರುಗಿಸಿದಳು.

ಮುಂದಿನ ಶನಿವಾರ ಮಧ್ಯಾಹ್ನ ಆ ಜೋಡಿ ಸಂತೆಯಿಂದ ಬಂತು. ಕೈಯಲ್ಲಿ ಹಳೆ ಪೇಪರಿನ ಪೊಟ್ಟಣ. ಬಾಗಿಲ ಮುಂದೆ ನಿಂತು ಬಿಚ್ಚಿದರು. ನೀಲಿ ಹಳದಿಯ ಒಂದು ಟೈಲು. ತಾವು ಉಳಿದುಕೊಂಡ ಮನೆಯದೇ ಮಾದರಿ ಸಿಕ್ಕಿತೆಂದು ಅವರಿಗೆ ಖುಷಿಯೋ ಖುಷಿ. ತಿಬೋ ಫೋನು ಎತ್ತಿದ. ಸೊಲಾಂಜ್ ಮೊಣಕಾಲೂರಿ, ಗೋಡೆಯ ಒಂದು ಖಾಲಿ ಜಾಗಕ್ಕೆ ಟೈಲು ಹಿಡಿದು ನಕ್ಕಳು. ಮಾದರಿ ನಾಲ್ಕೂ ಕಡೆ ಕೂಡಿತು. ತಾವು ಹಿಡಿದಿರುವುದೇನು ಎಂದು ಆಗಲೂ ಅವರಿಗೆ ಹೊಳೆಯಲಿಲ್ಲ.

ಎರ್ಮೆಲಿಂಡಾ ಚಪ್ಪಲಿ ಹಾಕಿಕೊಳ್ಳದೆ ಹೊರಗೆ ಬಂದಳು. "ಮಗುಚು" ಅಂದಳು. ಕೈಯಲ್ಲೂ ತೋರಿಸಿದಳು. ಮುದುಕಿ ಏನೋ ಚಂದಕ್ಕೆ ಕೇಳುತ್ತಿದ್ದಾಳೆಂದುಕೊಂಡು ಸೊಲಾಂಜ್ ಮಗುಚಿದಳು. ಬೆನ್ನಿಗೆ ಗಾರೆ ಅಂಟಿತ್ತು. ಎರ್ಮೆಲಿಂಡಾ ಟೈಲಿನ ಅಂಚು ಹಿಡಿದು, ಬಾಗಿಲ ಬೀಗದ ಕೈಯಿಂದ ಗಾರೆ ಕೆರೆದಳು. ಒಂದು ಗೆರೆ. ಅದರ ಎರಡೂ ಕಡೆ ಮೂರು ಮೂರು ಓರೆ ಗೆರೆ.

"ಅಪ್ಪ" ಅಂದಳು. ಟೈಲು ಬಿಡಲಿಲ್ಲ.

ಸೊಲಾಂಜಳೂ ಬಿಡಲಿಲ್ಲ. ಪಟ್ಟಿಯಲ್ಲಿ ಇದೂ ಇತ್ತೇನೋ: ನಿಮ್ಮ ವಸ್ತು ತನ್ನದೆಂದು ಅಳುವ ಮುದುಕಿ. ಇಬ್ಬರೂ ಒಂದೊಂದು ಅಂಚು ಹಿಡಿದು ಬೀದಿ ನಡುವೆ ನಿಂತರು. ತಿಬೋ ಫ್ರೆಂಚಿನಲ್ಲಿ ಕೂಗಾಡತೊಡಗಿದ. ಆಗ ಎದುರಿನಿಂದ ಬಾಲ್ತಜಾರ್ ಎದ್ದು ಬಂದ. ಫ್ರೆಂಚು ಬಲ್ಲವನು ಬೀದಿಯಲ್ಲಿ ಅವನೊಬ್ಬನೇ.

"ಏನಂತಾರೆ?" ಎರ್ಮೆಲಿಂಡಾ ಅವನ ಮುಖ ನೋಡದೆ ಕೇಳಿದಳು.

"ಸಂತೇಲಿ ತಗೊಂಡಿದ್ದಂತೆ. ನೀನು ಈಗಷ್ಟೇ ಬೀಗದ ಕೈಯಿಂದ ಗೀಚಿ ಗುರುತು ಮಾಡಿದ್ಯಂತೆ. ಪೊಲೀಸರನ್ನ ಕರೀತಾರಂತೆ."

"ಕರೀಲಿ! ಪಕ್ಕದ್ದು ಕಿತ್ತು ನೋಡು ಅನ್ನು. ಅದರಲ್ಲೂ ಇದೆ. ಅಪ್ಪ ಎಲ್ಲದರಲ್ಲೂ ಬರೆದಿದ್ದಾನೆ ಅನ್ನು."

"ಕೀಳಬೇಕಾ? ನಿನ್ನ ಗೋಡೆಯಿಂದ?"

ಮೂರು ತಿಂಗಳು ಹಗಲೆಲ್ಲ ಕಿಟಕಿಯಲ್ಲಿ ಕೂತು ಕಾದದ್ದನ್ನು ಈಗ ಅವಳೇ ಕೀಳಿಸಬೇಕು. ಅದೂ ಇವನ ಕೈಯಿಂದ.

"ಉಳಿ ತಗೊಂಡು ಬಾ" ಅಂದಳು.

ಬಾಲ್ತಜಾರ್ ಉಳಿ ತಂದು ಗೋಡೆಯ ಬುಡದಲ್ಲಿ ಕೂತ. ಖಾಲಿ ಜಾಗದ ಅಂಚಿನಲ್ಲಿ ಉಳಿಯ ಮೊನೆ ಇಟ್ಟ. ಅಲ್ಲಿ ಅಂಚಿನುದ್ದಕ್ಕೂ ಹೊಸ ಸುಣ್ಣ, ಕರಣೆಯಿಂದ ನೀಟಾಗಿ ತುಂಬಿ ಒತ್ತಿದ ಸುಣ್ಣ. ಆ ಮೊಣಕಾಲಿನ ಎತ್ತರಕ್ಕೆ ಬಗ್ಗಿ ನೋಡಲು ಎರ್ಮೆಲಿಂಡಾಳ ಬೆನ್ನು ಒಪ್ಪುತ್ತಿರಲಿಲ್ಲ. ಬೀದಿಯಲ್ಲಿ ನಿಂತು ಎಣಿಸುತ್ತಿದ್ದಳು ಅಷ್ಟೆ. ಕಿಟಕಿಯಿಂದಲಂತೂ ಬೀದಿಯೆಲ್ಲ ಕಾಣುತ್ತಿತ್ತು, ತನ್ನ ಗೋಡೆ ಮಾತ್ರ ಕಾಣುತ್ತಿರಲಿಲ್ಲ. ಈಗ ಬಾಗಿಲ ಚೌಕಟ್ಟು ಹಿಡಿದು ಬಗ್ಗಿದಳು.

"ಇದು ಯಾರು ತುಂಬಿದ್ದು?"

"ಒಂದು ಹೋದ್ರೆ ಪಕ್ಕದ್ದಕ್ಕೆ ನೀರಿಳಿಯುತ್ತೆ, ಅಲ್ಲಾಡುತ್ತೆ. ಅಲ್ಲಾಡೋದನ್ನ ಕೀಳೋದು ಸುಲಭ. ಅದಕ್ಕೇ ತುಂಬ್ತಿದ್ದೆ, ಬೆಳಿಗ್ಗೆ ಬ್ರೆಡ್ಡು ಇಡೋಕೆ ಬಂದಾಗ." ಉಳಿಗೆ ಮೆಲ್ಲಗೆ ಒಂದೊಂದೇ ಪೆಟ್ಟು ಕೊಡುತ್ತಾ ಹೇಳಿದ. "ತೋಳಿಗೆ ಸುಣ್ಣ ಅಂಟೋದು ಹಂಗೇ, ಕೊಮಾದ್ರೆ."

ಅವಳು ಬೆರಳಿನಿಂದ ಆ ಸುಣ್ಣದ ಅಂಚು ಸವರಿದಳು.

ಟೈಲು ಒಡೆಯದೆ ಬಂತು. ಮಗುಚಿ, ಅಂಗೈಯಿಂದ ಒರೆಸಿ, ಸೊಲಾಂಜಳ ಮುಂದೆ ಹಿಡಿದ. ಒಂದು ಗೆರೆ, ಎರಡೂ ಕಡೆ ಮೂರು ಮೂರು. ಸೊಲಾಂಜ್ ಎರಡನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದಳು. ಅವಳ ಬೆರಳು ತಾನಾಗಿ ಸಡಿಲವಾಯಿತು. ಮೆಲ್ಲಗೆ ಏನೋ ಹೇಳಿದಳು.

"ಏನಂತೆ?"

"ಗೊತ್ತಿರಲಿಲ್ಲವಂತೆ." ಬಾಲ್ತಜಾರ್ ತಲೆ ಎತ್ತಲಿಲ್ಲ. "ಕಂಬಳಿ ಮೇಲೆ ಒಂದು ಡಬ್ಬಿ ತುಂಬ ಇತ್ತಂತೆ. ಇವರು ಒಂದೇ ಆರಿಸಿದ್ರಂತೆ. ಉಳಿದದ್ದಕ್ಕೆ ಜನ ಮುಗಿಬಿದ್ದಿದ್ರಂತೆ."

ನಾಲ್ಕು ಜನ ಸಂತೆಗೆ ಓಡಿದೆವು. ಆ ಜಾಗದಲ್ಲಿ ಕಂಬಳಿಯೂ ಇಲ್ಲ, ಡಬ್ಬಿಯೂ ಇಲ್ಲ. ಅಕ್ಕಪಕ್ಕದವರಿಗೆ ಆ ಮನುಷ್ಯನ ಮುಖವೂ ನೆನಪಿಲ್ಲ, ಅಥವಾ ನೆನಪಿಲ್ಲ ಎಂದರು.

ಬಾಲ್ತಜಾರ್ ಆ ಸಂಜೆಯೇ ಎರಡು ಟೈಲನ್ನೂ ವಾಪಸ್ಸು ಕೂರಿಸಿದ. ಎರ್ಮೆಲಿಂಡಾ ಕುರ್ಚಿ ಬೀದಿಗೇ ತಂದು ಹಾಕಿಕೊಂಡು, ಅವನ ಒಂದೊಂದು ಕೈಚಳಕವನ್ನೂ ಕಣ್ಣು ಕಿರಿದು ಮಾಡಿ ನೋಡಿದಳು. ಕ್ಷಮಿಸು ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಅವನು ಕೈ ತೊಳೆದು ಹೊರಟಾಗ ಕರೆದಳು:

"ಕೊಂಪಾದ್ರೆ."

ಅವನು ನಿಂತ.

"ನಾಳೆ ಬ್ರೆಡ್ಡು ತರ್ತೀಯಲ್ಲ, ಸೀದಿರೋದು ತರಬೇಡ. ನಲವತ್ತು ವರ್ಷದಿಂದ ಹೇಳ್ತಾ ಇದ್ದೀನಿ."

ಅನುಮಾನ ಬೀದಿಯಿಂದ ಪೂರ್ತಿ ಹೋಗಿಲ್ಲ. ಎರ್ಮೆಲಿಂಡಾ ಇವತ್ತಿಗೂ ಕಿಟಕಿಯಲ್ಲೇ ಇದ್ದಾಳೆ. ಕಿತ್ತವನು ಯಾರು ಎಂದು ನಮಗೆ ಗೊತ್ತಿಲ್ಲ. ಕೊಂಡವರು ಎಂಥವರು ಎಂದು ಮಾತ್ರ ಗೊತ್ತು: ಒಳ್ಳೆಯವರು, ಊರನ್ನು ಇಷ್ಟಪಟ್ಟವರು, ಜೇಬುಗಳ್ಳರಿಗೆ ಹೆದರಿ ಊರವರನ್ನೆಲ್ಲ ಅನುಮಾನಿಸಿದವರು, ತಮ್ಮ ಚೀಲದೊಳಗೆ ಇರುವುದನ್ನು ಮಾತ್ರ ಒಂದು ಸಲವೂ ಅನುಮಾನಿಸದವರು. ಇವರು ಕೊಳ್ಳುವುದರಿಂದಲೇ ಅವನು ಕೀಳುತ್ತಾನೆ.

ಅದೆಲಿನುವಿನ ಹದಿನಾರು ಟೈಲು ಇನ್ನೂ ಹೊರಗಿವೆ. ಯಾವುದೋ ಊರಿನ ಯಾವುದೋ ಮನೆಯ ಶೋಕೇಸಿನಲ್ಲಿ, ಬಿಸಿ ಪಾತ್ರೆಯ ಅಡಿಯಲ್ಲಿ, ಚೌಕಟ್ಟು ಹಾಕಿಸಿಕೊಂಡು ಗೋಡೆಯ ಮೇಲೆ. ನೀವು ಲಿಸ್ಬನ್ನಿಗೆ ಹೋಗಿ ಬಂದಿದ್ದರೆ, ಅಥವಾ ಹೋಗಿ ಬಂದವರು ನಿಮಗೆ ನೆನಪಿಗೆಂದು ತಂದುಕೊಟ್ಟಿದ್ದರೆ, ಈಗ ಎದ್ದು ಹೋಗಿ. ಅದನ್ನು ಕೆಳಗಿಳಿಸಿ. ಮಗುಚಿ. ಗಾರೆ ಕೆರೆದು ನೋಡಿ. ಮೀನಿನ ಮುಳ್ಳು ಕಂಡರೆ, ಹದಿನಾಲ್ಕನೇ ನಂಬರಿಗೆ ವಾಪಸ್ಸು ಕಳಿಸಿ.